ಶಿರಾಡಿ ಇಳಿದ ಮೇಲೆ ನಾಕ್ ಹೊಡೆಯುವ ಬುಲೆಟ್: 535 ಸಿ.ಸಿ. ಎಂಜಿನ್‌ಗೆ ಕ್ಯಾಮ್ ಆಯ್ದ ಪ್ರಕರಣ

ಗಾಡಿ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 500, ಫ್ಯುಯೆಲ್ ಇಂಜೆಕ್ಷನ್ ಇರುವ ಯುಸಿಇ (ಎಂಜಿನ್ನೂ ಗೇರ್‌ಬಾಕ್ಸೂ ಒಂದೇ ಕವಚದಲ್ಲಿರುವ) ಎಂಜಿನ್. ಮೂಲದಲ್ಲಿ ಬೋರ್ (ಸಿಲಿಂಡರಿನ ಒಳವ್ಯಾಸ) 84 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡಾಡುವ ದೂರ) 90 ಮಿ.ಮೀ. ಈ ಗಾಡಿಗೆ 87 ಮಿ.ಮೀ. ಬೋರ್‌ನ ಬ್ಲಾಕು ಮತ್ತು ಫೋರ್ಜ್ಡ್ ಪಿಸ್ಟನ್ ಕೂರಿಸಿ 535 ಸಿ.ಸಿ. ಮಾಡಲಾಗಿದೆ. ಕಂಪ್ರೆಷನ್, ಅಂದರೆ ಪಿಸ್ಟನ್ ಗಾಳಿಯನ್ನು ಎಷ್ಟು ಪಟ್ಟು ಅಮುಕುತ್ತದೆ ಎಂಬ ಅನುಪಾತ, 8.5ರಿಂದ 9.5ಕ್ಕೆ ಏರಿದೆ. ಕಂಪನಿಯ ಕ್ಯಾಮ್ (ವಾಲ್ವ್‌ಗಳನ್ನು ಎತ್ತಿ ಇಳಿಸುವ ಭಾಗ) ತೆಗೆದು ‘ಟಾರ್ಕ್ ಕ್ಯಾಮ್’ ಎಂಬ ಹೆಸರಿನಲ್ಲಿ ಮಾರುವ ಜೋಡಿಯೊಂದನ್ನು ಹಾಕಲಾಗಿದೆ. ಮೂರು ಸಾವಿರ ಕಿಲೋಮೀಟರ್ ಓಡಿದೆ.

ದೂರು ಒಂದೇ. ಬೆಂಗಳೂರಿನಿಂದ ಹಾಸನ, ಸಕಲೇಶಪುರದವರೆಗೆ ಗಾಡಿ ಸೊಗಸಾಗಿ ಎಳೆಯುತ್ತದೆ. ಶಿರಾಡಿ ಘಾಟಿ ಇಳಿದು ನೆಲ್ಯಾಡಿ ದಾಟಿದ ಮೇಲೆ, ಹಿಂದೆ ಒಬ್ಬರನ್ನು ಕೂರಿಸಿಕೊಂಡು ನಾಲ್ಕನೇ ಗೇರಿನಲ್ಲಿ 2,500 ಆರ್‌ಪಿಎಂನಿಂದ ಆಕ್ಸಿಲರೇಟರ್ ಪೂರ್ತಿ ತಿರುಗಿಸಿದರೆ, ತಗಡಿನ ಡಬ್ಬಿಯಲ್ಲಿ ಗೋಲಿ ಕುಲುಕಿದಂಥ ಸದ್ದು. ಇದೇ ನಾಕ್, ಪ್ಲಗ್ಗಿನ ಉರಿ ತಲುಪುವ ಮುಂಚೆ ಮಿಶ್ರಣ ತಾನೇ ಸಿಡಿಯುವ ಸದ್ದು. ಮಧ್ಯಾಹ್ನದ ಬಿಸಿಲಿನಲ್ಲಿ ಹೆಚ್ಚು, ಬೆಳಗಿನ ತಂಪಿನಲ್ಲಿ ಕಡಿಮೆ. ವಾಪಸು ಘಾಟಿ ಹತ್ತಿ ಬೆಂಗಳೂರು ಸೇರುವಷ್ಟರಲ್ಲಿ ಸದ್ದೇ ಇಲ್ಲ.

ಮೊದಲು ಬೈಗುಳ ತಿಂದದ್ದು ಕರಾವಳಿಯ ಬಂಕುಗಳ ಪೆಟ್ರೋಲು. ಹಾಸನದಲ್ಲೇ ಟ್ಯಾಂಕ್ ತುಂಬಿಸಿಕೊಂಡು ಇಳಿದಾಗಲೂ ಸದ್ದು ಬಂದದ್ದರಿಂದ ಆ ಅನುಮಾನ ಬಿದ್ದುಹೋಯಿತು. ಮಸಿ ಕಟ್ಟಿ ಕಂಪ್ರೆಷನ್ ಏರಿರಬಹುದೇ ಎಂದರೆ ಮೂರು ಸಾವಿರ ಕಿಲೋಮೀಟರಿಗೆ ಅಷ್ಟು ಮಸಿ ಕಟ್ಟುವುದಿಲ್ಲ. ಪ್ಲಗ್ ಬಿಚ್ಚಿ ಭೂತಗನ್ನಡಿಯಲ್ಲಿ ನೋಡಿದಾಗ ಸಂಗತಿ ಕಣ್ಣಿಗೇ ಕಂಡಿತು. ಬಿಳಿ ಪಿಂಗಾಣಿಯ ತುದಿಯಲ್ಲಿ ಮೆಣಸಿನ ಪುಡಿ ಎರಚಿದಂತೆ ಕರಿ ಚುಕ್ಕೆಗಳು, ಅವುಗಳ ನಡುವೆ ಎರಡು ಮೂರು ಕಡೆ ಬೆಳ್ಳಿಯಂತೆ ಮಿನುಗುವ ಕಣಗಳು. ಆ ಮಿನುಗು ಪಿಸ್ಟನ್‌ನ ಅಲ್ಯೂಮಿನಿಯಂ. ಕರಿ ಚುಕ್ಕೆ ಮಾತ್ರ ಇದ್ದರೆ ಇನ್ನೂ ಸಮಯವಿದೆ ಎನ್ನಬಹುದು. ಅಲ್ಯೂಮಿನಿಯಂ ಕಂಡ ಮೇಲೆ ಆ ಎಂಜಿನ್ನನ್ನು ಹಾಗೆಯೇ ಓಡಿಸಬಾರದು.

ಕಂಪ್ರೆಷನ್ ಗೇಜ್ ಹೇಳಿದ ಸುಳ್ಳು

ಗಾಡಿ ಇದಕ್ಕೆ ಮೊದಲು ಹೋಗಿದ್ದ ಗ್ಯಾರೇಜಿನಲ್ಲಿ ಸ್ಟಾರ್ಟರ್ ಒತ್ತಿ ಕಂಪ್ರೆಷನ್ ಗೇಜ್ ನೋಡಿದ್ದಾರೆ. ಮುಳ್ಳು ನಿರೀಕ್ಷೆಗಿಂತ ಬಹಳ ಕೆಳಗೆ ನಿಂತಿದೆ. ‘ಕಂಪ್ರೆಷನ್ನೇ ಕಡಿಮೆ ಇದೆ, ನಾಕ್ ಹೇಗೆ ಹೊಡೆಯುತ್ತದೆ’ ಎಂದು ಅಲ್ಲಿಗೆ ಬಿಟ್ಟಿದ್ದಾರೆ.

ಯುಸಿಇ ಎಂಜಿನ್ನಿನ ಎಕ್ಸಾಸ್ಟ್ ಕ್ಯಾಮ್ ಮೇಲೆ ಸ್ವಯಂಚಾಲಿತ ಡಿಕಂಪ್ರೆಸರ್ ಇದೆ. ಎಂಜಿನ್ ನಿಧಾನ ತಿರುಗುವಾಗ ಅದು ಕಂಪ್ರೆಷನ್ ಸ್ಟ್ರೋಕಿನಲ್ಲಿ ಎಕ್ಸಾಸ್ಟ್ ವಾಲ್ವನ್ನು ಚೂರು ಎತ್ತಿ ಹಿಡಿದು ಒಂದಿಷ್ಟು ಗಾಳಿಯನ್ನು ಹೊರಗೆ ಬಿಡುತ್ತದೆ. ಸ್ಟಾರ್ಟರ್ ಮೇಲೆ ಭಾರ ಬೀಳದಿರಲಿ ಎಂದೇ ಅದನ್ನು ಇಟ್ಟಿರುವುದು. ಎಂಜಿನ್ ಹಿಡಿದು ವೇಗ ಪಡೆದ ಮೇಲೆ ತೂಕದ ತುಂಡು ಹೊರಕ್ಕೆ ಸರಿದು ಡಿಕಂಪ್ರೆಸರ್ ಮಲಗುತ್ತದೆ. ಹಾಗಾಗಿ ಸ್ಟಾರ್ಟರ್‌ನಲ್ಲಿ ತಿರುಗಿಸಿ ತೆಗೆದ ಗೇಜ್ ರೀಡಿಂಗ್ ಈ ಎಂಜಿನ್‌ನಲ್ಲಿ ಡಿಕಂಪ್ರೆಸರ್‌ನ ಕೆಲಸವನ್ನು ತೋರಿಸುತ್ತದೆ, ಸಿಲಿಂಡರಿನ ನಿಜವಾದ ಒತ್ತಡವನ್ನಲ್ಲ. ರಿಂಗ್ ಮತ್ತು ವಾಲ್ವ್ ಸೋರಿಕೆ ತಿಳಿಯಬೇಕೆಂದರೆ ಪಿಸ್ಟನ್ನನ್ನು ಟಿಡಿಸಿಯಲ್ಲಿ (ಅದು ಅತಿ ಮೇಲಿರುವ ಜಾಗದಲ್ಲಿ) ನಿಲ್ಲಿಸಿ, ಎರಡೂ ವಾಲ್ವ್ ಪೂರ್ತಿ ಕೂತಿವೆ ಎಂದು ಖಾತ್ರಿ ಮಾಡಿಕೊಂಡು ಲೀಕ್‌ಡೌನ್ ಟೆಸ್ಟ್ (ಗಾಳಿ ತುಂಬಿ ಎಷ್ಟು ಸೋರುತ್ತದೆ ಎಂದು ನೋಡುವುದು) ಮಾಡಬೇಕು. ಅದರಲ್ಲಿ ಈ ಎಂಜಿನ್ ಚೆನ್ನಾಗಿಯೇ ನಿಂತಿತು. ಅಂದರೆ ಒತ್ತಡ ಕಡಿಮೆಯಾಗಿರಲಿಲ್ಲ. ಅತಿಯಾಗಿತ್ತು ಎಂಬುದು ಮುಂದಿನ ಲೆಕ್ಕದಲ್ಲಿ ತಿಳಿಯುತ್ತದೆ.

ಕ್ಯಾಮ್ ಮತ್ತು ಕಂಪ್ರೆಷನ್ ಒಂದೇ ನಿರ್ಧಾರ

ಕ್ಯಾಮ್ ಕೊಳ್ಳುವವರು ಮೊದಲು ಕೇಳುವುದು ಲಿಫ್ಟ್ (ವಾಲ್ವ್ ಏಳುವ ಎತ್ತರ) ಎಷ್ಟು ಎಂದು. ಆಮೇಲೆ ಡ್ಯುರೇಷನ್ (ಕ್ರ್ಯಾಂಕ್ ಎಷ್ಟು ಡಿಗ್ರಿ ತಿರುಗುವವರೆಗೆ ವಾಲ್ವ್ ತೆರೆದಿರುತ್ತದೆ) ಎಷ್ಟು ಎಂದು. ಕಂಪ್ರೆಷನ್ ಏರಿಸಿದ ಎಂಜಿನ್‌ನಲ್ಲಿ ಇವೆರಡಕ್ಕೂ ಮುಂಚೆ ಕೇಳಬೇಕಾದದ್ದು ಇನ್‌ಟೇಕ್ ವಾಲ್ವ್ ಯಾವಾಗ ಮುಚ್ಚುತ್ತದೆ ಎಂಬುದನ್ನು. ಪಿಸ್ಟನ್ ಕೆಳಗಿನ ತುದಿ ಮುಟ್ಟಿ ಮೇಲೇಳಲು ಶುರುವಾದ ಮೇಲೂ ಇನ್‌ಟೇಕ್ ವಾಲ್ವ್ ಸ್ವಲ್ಪ ಹೊತ್ತು ತೆರೆದಿರುತ್ತದೆ. ಅದು ಮುಚ್ಚುವವರೆಗೆ ಕಂಪ್ರೆಷನ್ ಶುರುವಾಗುವುದೇ ಇಲ್ಲ. ಹೆಚ್ಚು ಆರ್‌ಪಿಎಂನಲ್ಲಿ ಒಳನುಗ್ಗುವ ಗಾಳಿಗೆ ತನ್ನದೇ ಓಟವಿರುವುದರಿಂದ ತಡವಾಗಿ ಮುಚ್ಚಿದಷ್ಟೂ ಸಿಲಿಂಡರ್ ಹೆಚ್ಚು ತುಂಬಿಕೊಳ್ಳುತ್ತದೆ. ಕಡಿಮೆ ಆರ್‌ಪಿಎಂನಲ್ಲಿ ಆ ಓಟವಿಲ್ಲ. ತಡ ಮಾಡಿದರೆ ಒಳಗೆ ಬಂದ ಗಾಳಿಯನ್ನು ಪಿಸ್ಟನ್ ವಾಪಸು ತಳ್ಳುತ್ತದೆ.

ಇಲ್ಲಿ ಕೂತಿದ್ದ ಟಾರ್ಕ್ ಕ್ಯಾಮ್ ಬೇಗ ಮುಚ್ಚುವ ಜಾತಿಯದು. 8.5 ಕಂಪ್ರೆಷನ್‌ಗೆ ಅದು ಒಳ್ಳೆಯ ಕ್ಯಾಮ್. 9.5ರ ಪಿಸ್ಟನ್ ಜೊತೆ ಅದನ್ನೇ ಹಾಕಿದಾಗ ಕಡಿಮೆ ಆರ್‌ಪಿಎಂನಲ್ಲಿ ಒತ್ತಡ ಮಿತಿ ಮೀರುತ್ತದೆ. ಪಿಸ್ಟನ್ ಆಯ್ದವರು ಕ್ಯಾಮ್ ನೋಡಿರಲಿಲ್ಲ, ಕ್ಯಾಮ್ ಆಯ್ದವರು ಪಿಸ್ಟನ್ ನೋಡಿರಲಿಲ್ಲ.

ಲೆಕ್ಕ ಹೀಗೆ. 87 ಮಿ.ಮೀ. ಬೋರ್‌ನ ವಿಸ್ತೀರ್ಣ 59.45 ಚದರ ಸೆಂ.ಮೀ. ಅದನ್ನು 9 ಸೆಂ.ಮೀ. ಸ್ಟ್ರೋಕ್‌ನಿಂದ ಗುಣಿಸಿದರೆ 535 ಸಿ.ಸಿ. ಕಂಪ್ರೆಷನ್ 9.5 ಆಗಬೇಕಾದರೆ ಟಿಡಿಸಿಯಲ್ಲಿ ಪಿಸ್ಟನ್ ಮೇಲೆ ಉಳಿಯುವ ಜಾಗ 535ನ್ನು 8.5ರಿಂದ ಭಾಗಿಸಿದಷ್ಟು, ಅಂದರೆ 62.9 ಸಿ.ಸಿ. ಇದನ್ನು ಪಿಸ್ಟನ್ ಡಬ್ಬಿಯ ಮೇಲಿನ ಅಂಕಿ ನೋಡಿ ನಂಬಬಾರದು. ಪ್ಲಗ್ ತೂತು ನೇರ ಮೇಲಕ್ಕೆ ಬರುವಂತೆ ಎಂಜಿನ್ನನ್ನು ವಾಲಿಸಿ, ಪಿಸ್ಟನ್ ಟಿಡಿಸಿಯಲ್ಲಿ ನಿಲ್ಲಿಸಿ, ಬ್ಯುರೆಟ್‌ನಿಂದ ತೆಳು ಎಣ್ಣೆಯನ್ನು ಪ್ಲಗ್ ತೂತಿನ ಕೆಳಗಿನ ಥ್ರೆಡ್‌ವರೆಗೆ ತುಂಬಿ ಎಷ್ಟು ಹಿಡಿಯಿತು ಎಂದು ಅಳೆಯಬೇಕು. ಇಲ್ಲಿ 63ರ ಹತ್ತಿರವೇ ಬಂತು.

ಮುಂದಿನದು ವಾಲ್ವ್ ಮುಚ್ಚುವ ಗಳಿಗೆಗೆ ಪಿಸ್ಟನ್ ಎಲ್ಲಿದೆ ಎಂಬ ಲೆಕ್ಕ. ಕನೆಕ್ಟಿಂಗ್ ರಾಡ್‌ನ ಉದ್ದವನ್ನು ಸ್ಟ್ರೋಕ್‌ನ ಎರಡು ಪಟ್ಟು, 180 ಮಿ.ಮೀ. ಎಂದು ಇಟ್ಟುಕೊಂಡಿದ್ದೇವೆ. ಅದು 10 ಮಿ.ಮೀ. ಹೆಚ್ಚುಕಡಿಮೆಯಾದರೂ ಉತ್ತರದಲ್ಲಿ 0.03ಕ್ಕಿಂತ ಹೆಚ್ಚು ವ್ಯತ್ಯಾಸ ಬರುವುದಿಲ್ಲ, ಹಾಗಾಗಿ ಅಲ್ಲಿ ತಲೆ ಕೆಡಿಸಿಕೊಳ್ಳಬೇಕಿಲ್ಲ. ಈಗಿದ್ದ ಟಾರ್ಕ್ ಕ್ಯಾಮ್ ಇನ್‌ಟೇಕ್ ವಾಲ್ವನ್ನು ಬಿಡಿಸಿ (ಪಿಸ್ಟನ್ ಅತಿ ಕೆಳಗಿರುವ ಜಾಗ) ದಾಟಿ ಕ್ರ್ಯಾಂಕ್ 50 ಡಿಗ್ರಿ ತಿರುಗಿದಾಗ ಕೂರಿಸುತ್ತದೆ. ಆಗ ಪಿಸ್ಟನ್‌ಗೆ ಮೇಲಕ್ಕೆ ಉಳಿದಿರುವ ದಾರಿ 77.3 ಮಿ.ಮೀ. ಅಷ್ಟರಲ್ಲಿ ಸಿಕ್ಕಿಬಿದ್ದ ಗಾಳಿ 459 ಸಿ.ಸಿ. ಅದನ್ನು 62.9ರಿಂದ ಭಾಗಿಸಿ ಒಂದು ಕೂಡಿದರೆ 8.3. ಇದನ್ನು ಡೈನಾಮಿಕ್ ಕಂಪ್ರೆಷನ್ ಎನ್ನುತ್ತಾರೆ. ಎಂಜಿನ್ ನಿಜವಾಗಿ ಅನುಭವಿಸುವುದು ಇದನ್ನು.

ಗಾಳಿಯಿಂದ ತಣಿಯುವ, ಎರಡೇ ವಾಲ್ವ್‌ನ, ಒಂದೇ ಪ್ಲಗ್ಗಿನ ಎಂಜಿನ್ ಇದು. 350ರ ಯುಸಿಇಗೆ ಎರಡು ಪ್ಲಗ್ ಇದೆ, 500ಕ್ಕೆ ಒಂದೇ. ಪಕ್ಕದಲ್ಲಿರುವ ಒಂದು ಪ್ಲಗ್ಗಿನಿಂದ ಹೊರಟ ಉರಿ 87 ಮಿ.ಮೀ. ಬೋರ್‌ನ ಆಚೆ ತುದಿ ತಲುಪುವಷ್ಟರಲ್ಲಿ ಅಲ್ಲಿ ಬಿಸಿಯಾಗಿ ಕಾದಿರುವ ಮಿಶ್ರಣ ತಾನೇ ಸಿಡಿದುಬಿಡುತ್ತದೆ. ಇಂಥ ಎಂಜಿನ್‌ಗೆ ಬಂಕಿನ ಸಾಮಾನ್ಯ ಪೆಟ್ರೋಲಿನಲ್ಲಿ ಡೈನಾಮಿಕ್ ಕಂಪ್ರೆಷನ್ 7.5ರಿಂದ 7.8ರ ಒಳಗೆ ನಿಲ್ಲಿಸುವುದು ಕ್ಷೇಮ. 8.3 ಅತಿಯಾಯಿತು.

ಹಾಗಾದರೆ ಬೆಂಗಳೂರಿನಲ್ಲಿ ಯಾಕೆ ಸುಮ್ಮನಿತ್ತು?

ಈ ಪ್ರಕರಣದ ಜೀವ ಇರುವುದು ಇಲ್ಲೇ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಆ ಎತ್ತರದಲ್ಲಿ ವಾಯುಭಾರ ಸುಮಾರು 91 ಕಿಲೋಪಾಸ್ಕಲ್; ಮಂಗಳೂರಿನಲ್ಲಿ 101. ಸಿಲಿಂಡರಿಗೆ ಹೋಗುವ ಗಾಳಿಯೇ ಶೇ 10ರಷ್ಟು ತೆಳು. ಸಕಲೇಶಪುರವೂ ಹೆಚ್ಚುಕಡಿಮೆ ಅದೇ ಎತ್ತರ. ಅಲ್ಲಿಂದ ಗುಂಡ್ಯಕ್ಕೆ ಇಳಿಯುವ ಒಂದು ಗಂಟೆಯೊಳಗೆ ಎಂಜಿನ್ ಬೇರೆಯದೇ ಗಾಳಿ ಉಸಿರಾಡತೊಡಗುತ್ತದೆ.

ಡಿಕಂಪ್ರೆಸರ್ ಇಲ್ಲದಿದ್ದರೆ ಗೇಜ್ ಎಷ್ಟು ತೋರಿಸಬಹುದು ಎಂದು ಅಂದಾಜು ಮಾಡಲು ಡೈನಾಮಿಕ್ ಕಂಪ್ರೆಷನ್ನನ್ನು 1.2ನೇ ಘಾತಕ್ಕೆ ಏರಿಸಿ ಊರಿನ ವಾಯುಭಾರದಿಂದ ಗುಣಿಸಿ, ಮತ್ತೆ ವಾಯುಭಾರವನ್ನು ಕಳೆಯಬೇಕು. ಟಾರ್ಕ್ ಕ್ಯಾಮ್‌ಗೆ ಬೆಂಗಳೂರಿನಲ್ಲಿ 154 ಪಿಎಸ್‌ಐ ಬರುತ್ತದೆ, ಮಂಗಳೂರಿನಲ್ಲಿ 171. ಈಗ 62 ಡಿಗ್ರಿಗೆ ಮುಚ್ಚುವ ಇನ್ನೊಂದು ಕ್ಯಾಮ್ ತೆಗೆದುಕೊಳ್ಳಿ. ಅದಕ್ಕೆ ಪಿಸ್ಟನ್ ದಾರಿ 70.6 ಮಿ.ಮೀ., ಸಿಕ್ಕಿಬೀಳುವ ಗಾಳಿ 419 ಸಿ.ಸಿ., ಡೈನಾಮಿಕ್ ಕಂಪ್ರೆಷನ್ 7.67. ಬೆಂಗಳೂರಿನಲ್ಲಿ 139, ಮಂಗಳೂರಿನಲ್ಲಿ 154. ಟಾರ್ಕ್ ಕ್ಯಾಮ್ ಬೆಂಗಳೂರಿನಲ್ಲಿ ಕೊಡುತ್ತಿದ್ದ ಒತ್ತಡವನ್ನೇ ಈ ಕ್ಯಾಮ್ ಮಂಗಳೂರಿನಲ್ಲಿ ಕೊಡುತ್ತದೆ. ಬೆಂಗಳೂರಿನಲ್ಲಿ ನಾಕ್ ಹೊಡೆಯದ ಒತ್ತಡ ಕರಾವಳಿಯಲ್ಲೂ ಬಹುಮಟ್ಟಿಗೆ ತಡೆಯುತ್ತದೆ. ಬಿಸಿಲು ಮತ್ತು ಬಿಸಿ ಗಾಳಿಗೆ ಒಂದಿಷ್ಟು ವಿನಾಯಿತಿ ಬಿಟ್ಟರೆ ಆಯಿತು.

ಪ್ರಸ್ಥಭೂಮಿಯ ಮೇಲೆ ಕಟ್ಟಿದ ಎಂಜಿನ್ನನ್ನು ಅಲ್ಲೇ ಪರೀಕ್ಷೆ ಮಾಡಿ ಪಾಸು ಮಾಡುವುದು ನಮ್ಮ ಕಡೆ ಬಹಳ ನಡೆಯುವ ತಪ್ಪು. ಗಾಡಿ ಹೋಗುವ ಊರುಗಳಲ್ಲಿ ಎಲ್ಲಕ್ಕಿಂತ ತಗ್ಗಿನ, ಎಲ್ಲಕ್ಕಿಂತ ಸೆಕೆಯ ಊರಿಗೆ ಲೆಕ್ಕ ಹಾಕಬೇಕು.

ಮುಂದಿದ್ದ ದಾರಿಗಳು

ಇಗ್ನಿಷನ್ ಮೂರು ನಾಲ್ಕು ಡಿಗ್ರಿ ತಡ ಮಾಡುವುದು ಎಲ್ಲಕ್ಕಿಂತ ಅಗ್ಗ. ನಾಕ್ ನಿಲ್ಲುತ್ತದೆ, ಜೊತೆಗೆ ಎಳೆತವೂ ಹೋಗುತ್ತದೆ, ಉರಿ ಎಕ್ಸಾಸ್ಟ್‌ವರೆಗೆ ಮುಂದುವರಿದು ಹೆಡ್ ಇನ್ನಷ್ಟು ಕಾಯುತ್ತದೆ. ಗಾಳಿ ತಣಿಸುವ ಎಂಜಿನ್‌ಗೆ ಇದನ್ನು ಶಾಶ್ವತ ಪರಿಹಾರ ಎನ್ನಲಾಗದು. ಊರು ತಲುಪುವ ತನಕ ಸರಿ.

ಎರಡನೆಯದು ಬ್ಲಾಕಿನ ಬುಡಕ್ಕೆ 1 ಮಿ.ಮೀ. ದಪ್ಪದ ಅಲ್ಯೂಮಿನಿಯಂ ಪ್ಯಾಕಿಂಗ್ ಹಾಕುವುದು. ಮೇಲಿನ ಜಾಗ 62.9ರಿಂದ 68.9 ಸಿ.ಸಿ.ಗೆ ಏರಿ ಸ್ಟ್ಯಾಟಿಕ್ ಕಂಪ್ರೆಷನ್ (ವಾಲ್ವ್ ಲೆಕ್ಕಕ್ಕೆ ತೆಗೆದುಕೊಳ್ಳದ, ಮೊದಲು ಹೇಳಿದ 9.5ರ ಅನುಪಾತ) 8.8ಕ್ಕೆ ಇಳಿಯುತ್ತದೆ. ಟಾರ್ಕ್ ಕ್ಯಾಮ್‌ನ ಡೈನಾಮಿಕ್ ಲೆಕ್ಕ ಆಗ 7.67. ಹೌದು, 62 ಡಿಗ್ರಿಯ ಕ್ಯಾಮ್ ಕೊಟ್ಟ ಅಂಕಿಯೇ! ಈ ದಾರಿಯನ್ನು ಕೀಳಾಗಿ ಕಾಣಬಾರದು. ಕಡಿಮೆ ಆರ್‌ಪಿಎಂನಲ್ಲಿ 419ರ ಬದಲು 459 ಸಿ.ಸಿ. ಗಾಳಿ ಸಿಕ್ಕಿಬೀಳುವುದರಿಂದ 3,500ರ ಕೆಳಗೆ ಇದರ ಎಳೆತವೇ ಮೇಲು. ಕಾಫಿ ತೋಟದ ಏರು ರಸ್ತೆಗಳಲ್ಲೇ ದಿನ ಕಳೆಯುವ ಗಾಡಿಯಾಗಿದ್ದರೆ ಪ್ಯಾಕಿಂಗ್ ಹಾಕಿ ಮುಗಿಸಬಹುದಿತ್ತು. ಆದರೆ ಪ್ಯಾಕಿಂಗ್ ಹಾಕಿದರೆ ಪುಶ್‌ರಾಡ್ (ಕ್ಯಾಮ್‌ನ ಚಲನೆಯನ್ನು ಹೆಡ್‌ಗೆ ಒಯ್ಯುವ ಕಡ್ಡಿ) 1 ಮಿ.ಮೀ. ಗಿಡ್ಡವಾದಂತೆ, ಹೈಡ್ರಾಲಿಕ್ ಟ್ಯಾಪೆಟ್‌ನ (ಕ್ಯಾಮ್‌ಗೂ ಪುಶ್‌ರಾಡ್‌ಗೂ ನಡುವೆ ಕೂತು ಒಳಗಿನ ಎಣ್ಣೆಯಿಂದ ಸಂದನ್ನು ತಾನೇ ತುಂಬಿಕೊಳ್ಳುವ ತುಂಡು) ಒತ್ತು ತಪ್ಪುತ್ತದೆ, ಉದ್ದದ ಪುಶ್‌ರಾಡ್ ಬೇಕಾಗುತ್ತದೆ. ಎಕ್ಸ್‌ಪ್ಯಾನ್ಷನ್ (ಉರಿದ ಗಾಳಿ ಎಷ್ಟು ಪಟ್ಟು ಹಿಗ್ಗುತ್ತದೆ ಎಂಬುದು) ಕೂಡ 8.8ಕ್ಕೆ ಇಳಿದು ಪೆಟ್ರೋಲಿನಿಂದ ಸಿಗುವ ಕೆಲಸ ಕಡಿಮೆಯಾಗುತ್ತದೆ. ಈ ಗಾಡಿಯ ಮಾಲೀಕರು ಬಹುಪಾಲು ಹೆದ್ದಾರಿಯಲ್ಲಿ 3,500ರಿಂದ 5,000 ಆರ್‌ಪಿಎಂ ನಡುವೆ ಓಡಿಸುವವರು. ಅವರಿಗೆ ಆ ಭಾಗದಲ್ಲಿ ಉಸಿರು ಬೇಕು.

ಮೂರನೆಯದು ಆಗಲೇ ಹೇಳಿದ ನಡು ಕ್ಯಾಮ್. ಇನ್‌ಟೇಕ್ ಟಿಡಿಸಿಗೆ 28 ಡಿಗ್ರಿ ಮುಂಚೆ ತೆರೆದು ಬಿಡಿಸಿ ದಾಟಿ 62ಕ್ಕೆ ಮುಚ್ಚುತ್ತದೆ, ಡ್ಯುರೇಷನ್ 270. ಎಕ್ಸಾಸ್ಟ್ 64/28, ಅಂದರೆ ಬಿಡಿಸಿಗೆ 64 ಡಿಗ್ರಿ ಮುಂಚೆ ತೆರೆದು ಟಿಡಿಸಿ ದಾಟಿ 28ಕ್ಕೆ ಮುಚ್ಚುತ್ತದೆ, ಡ್ಯುರೇಷನ್ 272. ಎರಡೂ ವಾಲ್ವ್ ಒಟ್ಟಿಗೆ ತೆರೆದಿರುವ ಓವರ್‌ಲ್ಯಾಪ್ 56 ಡಿಗ್ರಿ. ವಾಲ್ವ್ ಲಿಫ್ಟ್ 9.6 ಮಿ.ಮೀ.

ನಾಲ್ಕನೆಯದು ಮಾಲೀಕರ ಮನಸ್ಸಿನಲ್ಲಿದ್ದ ದೊಡ್ಡ ಕ್ಯಾಮ್. ಇನ್‌ಟೇಕ್ 42/74, ಎಕ್ಸಾಸ್ಟ್ 76/40, ಓವರ್‌ಲ್ಯಾಪ್ 82 ಡಿಗ್ರಿ, ಲಿಫ್ಟ್ 10.6. ನಾಕ್ ಖಂಡಿತ ಹೋಗುತ್ತದೆ, ಏಕೆಂದರೆ ಡೈನಾಮಿಕ್ ಕಂಪ್ರೆಷನ್ 6.9ಕ್ಕೆ ಬೀಳುತ್ತದೆ. ಎಂಜಿನ್ ಕಂಪನಿಯ 8.5 ಪಿಸ್ಟನ್ನಿನಲ್ಲೇ ಇದ್ದಿದ್ದರೆ ಇದು 6.2 ಆಗುತ್ತಿತ್ತು, ಗುಡ್ಡದಲ್ಲಿ ಎರಡನೇ ಗೇರ್ ಬಿಟ್ಟು ಮೇಲೆ ಬರುತ್ತಿರಲಿಲ್ಲ.

ದೊಡ್ಡ ಕ್ಯಾಮ್ ಬೇಡ ಎಂದದ್ದಕ್ಕೆ ಮುಖ್ಯ ಕಾರಣ ಎಂಜಿನ್ನಿನ ಕೆಳಭಾಗ. ಅಂಥ ಕ್ಯಾಮ್ ತನ್ನ ಬಲ ತೋರಿಸಲು 6,500ರ ಹತ್ತಿರ ಓಡಬೇಕು. ಕ್ಲಾಸಿಕ್ 500 ತನ್ನ 27.2 ಅಶ್ವಶಕ್ತಿ ಕೊಡುವುದು 5,250ರಲ್ಲಿ. 90 ಮಿ.ಮೀ. ಸ್ಟ್ರೋಕ್‌ಗೆ ಅಲ್ಲಿ ಪಿಸ್ಟನ್‌ನ ಸರಾಸರಿ ವೇಗ ಸೆಕೆಂಡಿಗೆ 15.75 ಮೀಟರ್. 6,500ರಲ್ಲಿ 19.5 ಮೀಟರ್. ರಾಡ್ ಮೇಲೆ ಬೀಳುವ ಎಳೆತ ಆರ್‌ಪಿಎಂನ ವರ್ಗಕ್ಕೆ ಏರುವುದರಿಂದ ಅದು ಒಂದೂವರೆ ಪಟ್ಟಿಗಿಂತ ಹೆಚ್ಚು. ಭಾರದ ಫ್ಲೈವೀಲ್‌ಗಳನ್ನು ಒತ್ತಿ ಜೋಡಿಸಿದ ಕ್ರ್ಯಾಂಕ್ ಅದು. ಕ್ರ್ಯಾಂಕ್ ಮುಟ್ಟದೆ ಕ್ಯಾಮ್ ಮಾತ್ರ ಬದಲಿಸುವವರಿಗೆ 5,500ರ ಮೇಲೆ ಸಿಗುವ ಬಲದಿಂದ ಏನೂ ಪ್ರಯೋಜನವಿಲ್ಲ.

ಇದೇ ಬೋರ್‌ನಲ್ಲಿ ಕಂಪನಿಯೇ ಮಾಡಿದ ಕಾಂಟಿನೆಂಟಲ್ ಜಿಟಿ 535 ನೋಡಿದರೂ ಸಾಕು. 8.5 ಕಂಪ್ರೆಷನ್, 5,100ರಲ್ಲಿ 29.1 ಅಶ್ವಶಕ್ತಿ, 4,000ದಲ್ಲಿ 44 ನ್ಯೂಟನ್ ಮೀಟರ್ ಟಾರ್ಕ್. ಕ್ಲಾಸಿಕ್ 500ರದ್ದು ಅದೇ 4,000ದಲ್ಲಿ 41.3. ಸಿ.ಸಿ. ಶೇ 7 ಹೆಚ್ಚಾಯಿತು, ಟಾರ್ಕ್ ಶೇ 6.5 ಹೆಚ್ಚಾಯಿತು, ಗರಿಷ್ಠ ಬಲದ ಆರ್‌ಪಿಎಂ ಸ್ವಲ್ಪ ಇಳಿಯಿತು. ಬೋರ್ ದೊಡ್ಡದು ಮಾಡಿದ್ದಕ್ಕೆ ಸಿಗುವುದು ಅಷ್ಟೇ. ಅದರಾಚೆಗೆ ಬೇಕಾದ್ದು ಕಂಪ್ರೆಷನ್ ಮತ್ತು ಕ್ಯಾಮ್ ಎರಡೂ ಸೇರಿ ಬರಬೇಕು. ಬೋರ್ ಹಿಗ್ಗಿದಾಗ ಅದೇ ಕ್ಯಾಮ್ ಎಂಜಿನ್‌ಗೆ ಕೊಂಚ ಚಿಕ್ಕದಾಗಿ ಕಾಣುತ್ತದೆ, ಹಾಗಾಗಿ 535ಕ್ಕೆ ನಡು ಕ್ಯಾಮ್ 500ರಲ್ಲಿ ಇರುವುದಕ್ಕಿಂತ ಸೌಮ್ಯವಾಗಿ ನಡೆದುಕೊಳ್ಳುತ್ತದೆ.

ಸ್ಪ್ರಿಂಗ್ ಕೂಡ ದೊಡ್ಡ ಕ್ಯಾಮ್‌ಗೆ ಒಪ್ಪಲಿಲ್ಲ. ಹೆಡ್‌ನಲ್ಲಿ ಕೂತಾಗ ಸ್ಪ್ರಿಂಗ್‌ನ ಎತ್ತರ 38 ಮಿ.ಮೀ., ಪೂರ್ತಿ ಅಮುಕಿ ಸುತ್ತುಗಳು ಒಂದಕ್ಕೊಂದು ತಾಗಿದಾಗ 26.4. ಸಿಗುವ ಚಲನೆ 11.6. ನಡು ಕ್ಯಾಮ್‌ನ 9.6 ಕಳೆದರೆ 2 ಮಿ.ಮೀ. ಉಳಿಯುತ್ತದೆ. ದೊಡ್ಡದಕ್ಕೆ 1 ಮಿ.ಮೀ. ಮಾತ್ರ, ಕನಿಷ್ಠ ಒಂದೂವರೆ ಇರಬೇಕು. ರಿಟೇನರ್‌ನ (ಸ್ಪ್ರಿಂಗ್ ಹಿಡಿಯುವ ಬಿಲ್ಲೆ) ತಳಕ್ಕೂ ಗೈಡ್ ಸೀಲ್‌ನ (ವಾಲ್ವ್ ಕಾಂಡದಲ್ಲಿ ಎಣ್ಣೆ ಇಳಿಯದಂತೆ ತಡೆಯುವ ಸೀಲ್) ತಲೆಗೂ ನಡುವೆಯೂ ಅದೇ ಒಂದೂವರೆ ಮಿ.ಮೀ. ಬೇಕು. ಇದನ್ನು ನೋಡದೆ ಹಾಕಿದರೆ ಮೊದಲು ಸೀಲ್ ಹರಿಯುತ್ತದೆ, ಹೊಗೆ ಶುರುವಾಗುತ್ತದೆ, ರಿಂಗ್ ಹೋಗಿದೆ ಎಂದು ಬ್ಲಾಕು ಬಿಚ್ಚುತ್ತಾರೆ.

ಕಾರ್ಡ್ ಓದುವಾಗ

ಎರಡು ಕ್ಯಾಮ್‌ಗಳ ಕಾರ್ಡ್ (ವಾಲ್ವ್ ತೆರೆದು ಮುಚ್ಚುವ ಅಂಕಿಗಳ ಚೀಟಿ) ಪಕ್ಕಪಕ್ಕ ಇಟ್ಟು ಹೋಲಿಸುವ ಮೊದಲು ಅಂಕಿಗಳನ್ನು ಯಾವ ಲಿಫ್ಟ್‌ನಲ್ಲಿ ತೆಗೆದಿದ್ದಾರೆ ಎಂದು ನೋಡಬೇಕು. ವಾಲ್ವ್ ಸೀಟ್ ಬಿಡುವ ಗಳಿಗೆಯಿಂದ ಅಳೆದವರು ಕೆಲವರು, 1 ಮಿ.ಮೀ. ಎತ್ತಿದ ಮೇಲೆ ಅಳೆದವರು ಕೆಲವರು, 0.050 ಇಂಚು ಅಂದರೆ 1.27 ಮಿ.ಮೀ.ನಲ್ಲಿ ಅಳೆದವರು ಮತ್ತೆ ಕೆಲವರು. ಒಂದೇ ಕ್ಯಾಮ್ ಒಂದು ಕಾರ್ಡಿನಲ್ಲಿ 270 ಡಿಗ್ರಿ, ಇನ್ನೊಂದರಲ್ಲಿ 230 ಎಂದು ಕಾಣಬಹುದು. ಡೈನಾಮಿಕ್ ಕಂಪ್ರೆಷನ್ ಲೆಕ್ಕಕ್ಕೆ ಬೇಕಾದದ್ದು ಸೀಟಿನ ಅಂಕಿ. 1.27ರ ಅಂಕಿ ಹಾಕಿದರೆ ವಾಲ್ವ್ ಬೇಗ ಮುಚ್ಚಿದಂತಾಗಿ ಲೆಕ್ಕ ತಲೆಕೆಳಗಾಗುತ್ತದೆ. ಕಾರ್ಡೇ ಇಲ್ಲದೆ ‘ರೇಸಿಂಗ್ ಕ್ಯಾಮ್’ ಎಂದಷ್ಟೇ ಹೇಳಿ ಕೊಡುವುದನ್ನು ಕೊಳ್ಳಲೇಬಾರದು.

ಹಳೆಯ ಕ್ಯಾಮನ್ನೇ ಉಜ್ಜಿ ಹೊಸ ಆಕಾರ ಕೊಡಿಸುವ ರೂಢಿಯೂ ಇದೆ. ಉಜ್ಜಿದಾಗ ಬೇಸ್ ಸರ್ಕಲ್ (ಕ್ಯಾಮ್‌ನ ಉಬ್ಬಿಲ್ಲದ ದುಂಡು ಭಾಗ) ಚಿಕ್ಕದಾಗುತ್ತದೆ. ತ್ರಿಜ್ಯ 0.8 ಮಿ.ಮೀ. ಇಳಿದರೆ ಟ್ಯಾಪೆಟ್ 0.8 ಕೆಳಗೆ ಕೂರುತ್ತದೆ, ಹೈಡ್ರಾಲಿಕ್ ಟ್ಯಾಪೆಟ್‌ಗೆ ಇರಬೇಕಾದ ಒತ್ತು ಅಷ್ಟೂ ಹೋಗುತ್ತದೆ. ಗಟ್ಟಿ ಮಾಡಿದ ಮೇಲ್ಪದರ ಉಳಿದಿದೆಯೇ ಎಂಬ ಪ್ರಶ್ನೆ ಬೇರೆ. ಹಳೆಯ ಕಾಸ್ಟ್ ಐರನ್ ಬುಲೆಟ್‌ನ ಗಟ್ಟಿ ಟ್ಯಾಪೆಟ್‌ಗಾಗಿ ರೂಪಿಸಿದ ಆಕಾರವನ್ನು ಹೈಡ್ರಾಲಿಕ್ ಟ್ಯಾಪೆಟ್‌ಗೆ ಬಳಸುವಂತೆಯೂ ಇಲ್ಲ, ಏರಿಳಿತದ ರ್‍ಯಾಂಪ್ ಎರಡಕ್ಕೂ ಬೇರೆ ಬೇರೆ.

ಕೂರಿಸಿ ಅಳೆದದ್ದು

ಮೊದಲು ನಿಜವಾದ ಟಿಡಿಸಿ. ಡಿಗ್ರಿ ವೀಲನ್ನು ಕ್ರ್ಯಾಂಕ್ ತುದಿಗೆ ಬಿಗಿದು, ಪ್ಲಗ್ ತೂತಿಗೆ ಪಿಸ್ಟನ್ ಸ್ಟಾಪ್ ಹಾಕಿ, ಕೈಯಿಂದ ಮೆಲ್ಲಗೆ ಎರಡೂ ಕಡೆ ತಿರುಗಿಸಬೇಕು. ಒಂದು ಕಡೆ 31ಕ್ಕೆ ನಿಂತಿತು, ಇನ್ನೊಂದು ಕಡೆ 35ಕ್ಕೆ. ಮುಳ್ಳನ್ನು 2 ಡಿಗ್ರಿ ಸರಿಸಿದಾಗ ಎರಡೂ ಕಡೆ 33. ಆ ಸೊನ್ನೆಯೇ ನಿಜವಾದ ಟಿಡಿಸಿ. ಕಣ್ಣಂದಾಜಿನಲ್ಲಿ ಪಿಸ್ಟನ್ ಮೇಲೆ ಬಂದಂತೆ ಕಂಡ ಜಾಗದಲ್ಲಿ ಐದಾರು ಡಿಗ್ರಿ ತಪ್ಪು ಸಲೀಸಾಗಿ ಸೇರುತ್ತದೆ.

ಹೈಡ್ರಾಲಿಕ್ ಟ್ಯಾಪೆಟ್ ಇಟ್ಟುಕೊಂಡೇ ಡಯಲ್ ಗೇಜ್ ಹಿಡಿದಾಗ ಇನ್‌ಟೇಕ್ 54ಕ್ಕೇ ಮುಚ್ಚಿದಂತೆ ತೋರಿತು. ವಾಲ್ವ್ ಸ್ಪ್ರಿಂಗ್‌ನ ಒತ್ತಡಕ್ಕೆ ಟ್ಯಾಪೆಟ್ ಒಳಗಿನ ಎಣ್ಣೆ ಸೋರಿ ಅದು ಕುಗ್ಗುತ್ತದೆ. ವಾಲ್ವ್ ತಡವಾಗಿ ತೆರೆದು ಬೇಗ ಮುಚ್ಚಿದಂತೆ ಕಾಣುತ್ತದೆ. ಟ್ಯಾಪೆಟ್ ಬದಲಿಗೆ ಅದೇ ಎತ್ತರದ ಗಟ್ಟಿ ಉಕ್ಕಿನ ತುಂಡು ಲೇತ್‌ನಲ್ಲಿ ಮಾಡಿಸಿ, ವಾಲ್ವ್‌ಗೆ ಕೈಯಲ್ಲೇ ಅಮುಕಬಹುದಾದ ಹಗುರ ಸ್ಪ್ರಿಂಗ್ ಹಾಕಿ ಮತ್ತೆ ಅಳೆಯಲಾಯಿತು. ಪೂರ್ತಿ ಲಿಫ್ಟ್‌ಗಿಂತ 1 ಮಿ.ಮೀ. ಕೆಳಗೆ ಎರಡೂ ಬದಿಯ ರೀಡಿಂಗ್ ಟಿಡಿಸಿ ದಾಟಿ 62 ಮತ್ತು 148. ನಡುಬಿಂದು 105. ಕಾರ್ಡಿನ ಪ್ರಕಾರ 107 ಇರಬೇಕಿತ್ತು. ಅಂದರೆ ಕ್ಯಾಮ್ 2 ಡಿಗ್ರಿ ಮುಂದಿದೆ, ಇನ್‌ಟೇಕ್ ಮುಚ್ಚುವುದು 62ರ ಬದಲು 60ಕ್ಕೆ. ಅಳೆಯುವಾಗ ಕ್ರ್ಯಾಂಕನ್ನು ಓಡುವ ದಿಕ್ಕಿನಲ್ಲೇ ತಿರುಗಿಸಬೇಕು. ಗುರುತು ದಾಟಿಹೋದರೆ ಕಾಲು ಸುತ್ತು ಹಿಂದಕ್ಕೆ ಹೋಗಿ ಮತ್ತೆ ಬರಬೇಕು, ಇಲ್ಲದಿದ್ದರೆ ಗೇರುಗಳ ನಡುವಿನ ಸಡಿಲವೂ ರೀಡಿಂಗ್‌ಗೆ ಸೇರುತ್ತದೆ.

60ಕ್ಕೆ ಡೈನಾಮಿಕ್ ಲೆಕ್ಕ 7.78. ಮಿತಿಯ ಅಂಚು. ಗೇರ್‌ನ ಒಂದು ಹಲ್ಲು ಸರಿಸಿ ಸರಿಮಾಡುವಂತಿಲ್ಲ. ಕ್ಯಾಮ್ ಗೇರ್‌ನಲ್ಲಿ 40 ಹಲ್ಲಿದ್ದರೆ ಒಂದು ಹಲ್ಲು ಕ್ರ್ಯಾಂಕ್‌ನಲ್ಲಿ 18 ಡಿಗ್ರಿ. ಅಷ್ಟು ಸರಿದರೆ ವಾಲ್ವ್ ಹೋಗಿ ಪಿಸ್ಟನ್‌ಗೆ ಬಡಿಯಬಹುದು. 2 ಡಿಗ್ರಿಯನ್ನು ಹಾಗೇ ಬಿಡಲಾಯಿತು.

ಆಮೇಲೆ ಪ್ಲಾಸ್ಟಿಸಿನ್. ಪಿಸ್ಟನ್ ತಲೆಯ ವಾಲ್ವ್ ಗುಳಿಗಳಲ್ಲಿ ಬೆರಳ ದಪ್ಪ ಪ್ಲಾಸ್ಟಿಸಿನ್ ಒತ್ತಿ, ಮೇಲೆ ಒಂದು ಹನಿ ಎಣ್ಣೆ ಸವರಿ, ಹಳೆಯ ಗ್ಯಾಸ್ಕೆಟ್ ಇಟ್ಟು ಹೆಡ್ ಬಿಗಿದು, ಎರಡು ಪೂರ್ಣ ಸುತ್ತು ತಿರುಗಿಸಿ ಬಿಚ್ಚಲಾಯಿತು. ವಾಲ್ವ್ ಮುಖ ಅಚ್ಚಾಗಿ ಮೂಡಿತ್ತು, ನಾಣ್ಯ ಒತ್ತಿದ ಹಾಗೆ. ಬ್ಲೇಡ್‌ನಿಂದ ಅಡ್ಡ ಕತ್ತರಿಸಿ ವರ್ನಿಯರ್ ಹಿಡಿದರೆ ಎಕ್ಸಾಸ್ಟ್ ಕಡೆ ಅತಿ ತೆಳು ಜಾಗ 2.7 ಮಿ.ಮೀ. ಅಲ್ಲಿ 2.5 ಸಾಕು. ಇನ್‌ಟೇಕ್ ಕಡೆ ಗುಳಿಯ ಅಂಚಿನಲ್ಲಿ 1.7 ಮಾತ್ರ, 2 ಬೇಕು. ಇನ್‌ಟೇಕ್ ವಾಲ್ವ್ ಪಿಸ್ಟನ್‌ಗೆ ಅತಿ ಹತ್ತಿರ ಬರುವುದು ಟಿಡಿಸಿ ದಾಟಿ ಸುಮಾರು 10 ಡಿಗ್ರಿಯಲ್ಲಿ, ಪಿಸ್ಟನ್ ಕೆಳಗೆ ಹೊರಟಾಗ ವಾಲ್ವ್ ಅದನ್ನು ಅಟ್ಟಿಕೊಂಡು ಹೋಗುತ್ತದೆ. ಕ್ಯಾಮ್ 2 ಡಿಗ್ರಿ ಮುಂದಿರುವುದೂ ಈ ಸಂದನ್ನು ಕಿರಿದು ಮಾಡಿದೆ.

ಫೋರ್ಜ್ಡ್ ಪಿಸ್ಟನ್ ಆದ್ದರಿಂದ ತಲೆಯ ದಪ್ಪ ಅಳೆದು ನೋಡಿ ಗುಳಿಯನ್ನು ಮಿಲ್ಲಿಂಗ್‌ನಲ್ಲಿ 0.6 ಮಿ.ಮೀ. ಆಳ ಮಾಡಲಾಯಿತು. ಸಂದು 2.3 ಆಯಿತು. ಮೇಲಿನ ಜಾಗ ಸುಮಾರು 0.6 ಸಿ.ಸಿ. ಹೆಚ್ಚಿ 63.5ಕ್ಕೆ ಬಂತು. ಸ್ಟ್ಯಾಟಿಕ್ ಕಂಪ್ರೆಷನ್ 9.42, ಡೈನಾಮಿಕ್ 7.7. ಕ್ಯಾಮ್‌ನ 2 ಡಿಗ್ರಿ ಏರಿಸಿದ್ದರಲ್ಲಿ ಅರ್ಧದಷ್ಟನ್ನು ಗುಳಿಯ 0.6 ಮಿ.ಮೀ. ಇಳಿಸಿತು. ಒಂದನ್ನು ಮುಟ್ಟಿದರೆ ಇನ್ನೊಂದು ಅಲ್ಲಾಡುತ್ತದೆ, ಆದ್ದರಿಂದ ಪ್ರತಿ ಕೆಲಸದ ನಂತರವೂ ಲೆಕ್ಕವನ್ನು ಮೊದಲಿನಿಂದ ಹಾಕಬೇಕು.

ಡಿಕಂಪ್ರೆಸರ್ ವಿಷಯದಲ್ಲಿ ರಾಜಿ ಮಾಡಿಕೊಳ್ಳಬಾರದು. ಹೊರಗಿನ ಎಕ್ಸಾಸ್ಟ್ ಕ್ಯಾಮ್‌ಗಳಲ್ಲಿ ಕೆಲವಕ್ಕೆ ಅದು ಇರುವುದೇ ಇಲ್ಲ. ಅದಿಲ್ಲದೆ 9.5 ಕಂಪ್ರೆಷನ್‌ನ ಸಿಂಗಲ್ ಸಿಲಿಂಡರನ್ನು ಸ್ಟಾರ್ಟರ್ ಒತ್ತಿ ಎಬ್ಬಿಸಿದರೆ ಎಂಜಿನ್ ಹಿಂದಕ್ಕೆ ಒದೆಯುತ್ತದೆ, ಆ ಒದೆತ ತಿನ್ನುವುದು ಸ್ಟಾರ್ಟರ್‌ನ ಸ್ಪ್ರಾಗ್ ಕ್ಲಚ್ (ಒಂದೇ ದಿಕ್ಕಿನಲ್ಲಿ ಹಿಡಿಯುವ ಕ್ಲಚ್). ಈ ಎಂಜಿನ್‌ಗಳಲ್ಲಿ ಅದು ಮೊದಲೇ ದುರ್ಬಲ ಜಾಗ. ಇಲ್ಲಿ ಮೂಲ ಕ್ಯಾಮ್‌ನ ಡಿಕಂಪ್ರೆಸರ್ ತೂಕ ಮತ್ತು ಸ್ಪ್ರಿಂಗ್ ಹೊಸದಕ್ಕೆ ವರ್ಗವಾದವು. ಸರಿ ಕೂತಿದೆಯೇ ಎಂದು ನೋಡಲು ಎಂಜಿನ್ನನ್ನು ಕೈಯಿಂದ ನಿಧಾನ ತಿರುಗಿಸಿ. ಕಂಪ್ರೆಷನ್ ಸ್ಟ್ರೋಕ್ ನಡುವೆ ಎಕ್ಸಾಸ್ಟ್ ವಾಲ್ವ್ ಮೇಲಿನ ಡಯಲ್ ಗೇಜ್ ಮುಳ್ಳು ಸಣ್ಣಗೆ ಎದ್ದು ಕೂರಬೇಕು. ಆಮೇಲೆ ತೂಕವನ್ನು ಬೆರಳಿನಿಂದ ಹೊರಕ್ಕೆ ಹಿಡಿದು ಮತ್ತೆ ತಿರುಗಿಸಿದರೆ ಮುಳ್ಳು ಅಲ್ಲಾಡಬಾರದು.

ಜೋಡಿಸುವಾಗ ಲೋಬ್‌ಗಳಿಗೆ (ಕ್ಯಾಮ್‌ನ ಉಬ್ಬುಗಳಿಗೆ) ಮಾಲಿಬ್ಡಿನಂ ಇರುವ ಕ್ಯಾಮ್ ಪೇಸ್ಟ್, ಟ್ಯಾಪೆಟ್‌ಗಳಿಗೆ ಎಣ್ಣೆ. ಹೊಸ ಕ್ಯಾಮ್ ಹಾಕಿದ ಎಂಜಿನ್ನನ್ನು ಮೊದಲ ಇಪ್ಪತ್ತು ನಿಮಿಷ ಐಡಲ್‌ನಲ್ಲಿ ಬಿಡದೆ 2,000 ಆರ್‌ಪಿಎಂ ಆಸುಪಾಸಿನಲ್ಲಿ ಏರಿಳಿಸುತ್ತ, ಎದುರಿಗೆ ದೊಡ್ಡ ಫ್ಯಾನ್ ಇಟ್ಟು ಓಡಿಸಬೇಕು.

ಇಂಧನ

ಕ್ಯಾಮ್ ಬದಲಾದ ಮೇಲೆ ಕಂಪನಿಯ ಮ್ಯಾಪ್ (ಎಷ್ಟು ಪೆಟ್ರೋಲ್ ಚಿಮ್ಮಬೇಕೆಂದು ಹೇಳುವ ಕೋಷ್ಟಕ) ಸಾಲದು. ಓವರ್‌ಲ್ಯಾಪ್ ಹೆಚ್ಚಿದಾಗ ಐಡಲ್‌ನಲ್ಲಿ ಉರಿಯದ ಗಾಳಿ ನೇರ ಎಕ್ಸಾಸ್ಟ್‌ಗೆ ನುಸುಳುತ್ತದೆ. ಆಕ್ಸಿಜನ್ ಸೆನ್ಸರ್ ಅದನ್ನು ನೋಡಿ ಪೆಟ್ರೋಲ್ ಕಡಿಮೆಯಿದೆ ಎಂದು ತಿಳಿದು ಇನ್ನಷ್ಟು ಸುರಿಸುತ್ತದೆ. ಪ್ಲಗ್ ಕಪ್ಪಾಗಿ ಐಡಲ್ ಕುಂಟುತ್ತದೆ. 56 ಡಿಗ್ರಿಯಲ್ಲಿ ಇದು ಐಡಲ್ಲನ್ನು 1,200ಕ್ಕೆ ಏರಿಸಿ, ಕೆಳಗಿನ ಭಾಗದ ಮ್ಯಾಪ್ ತಿದ್ದಿ ಸರಿಹೋಗುವಷ್ಟಿತ್ತು. 82 ಡಿಗ್ರಿಯಲ್ಲಿ ಆ ಸೆನ್ಸರನ್ನೇ ಕೈಬಿಡಬೇಕಾಗುತ್ತಿತ್ತು.

ಪೂರ್ತಿ ಆಕ್ಸಿಲರೇಟರ್‌ನಲ್ಲಿ ವೈಡ್‌ಬ್ಯಾಂಡ್ ಸೆನ್ಸರ್ ಹಾಕಿ ಲ್ಯಾಂಬ್ಡಾ 0.86ರಿಂದ 0.88ಕ್ಕೆ ಹೊಂದಿಸಲಾಯಿತು. ಲ್ಯಾಂಬ್ಡಾ 1 ಎಂದರೆ ಗಾಳಿ ಮತ್ತು ಇಂಧನ ಸರಿಯಾದ ಅನುಪಾತದಲ್ಲಿವೆ, ಅದಕ್ಕಿಂತ ಕಡಿಮೆ ಎಂದರೆ ಇಂಧನ ಹೆಚ್ಚು. ಅಲ್ಲಿ ಏರ್-ಫ್ಯುಯೆಲ್ ಅಂಕಿಗಿಂತ ಲ್ಯಾಂಬ್ಡಾ ನೋಡುವುದು ಒಳ್ಳೆಯದು, ಏಕೆಂದರೆ ಈಗ ಬಂಕಿನಲ್ಲಿ ಸಿಗುವುದು ಇ20 (ಶೇ 20ರವರೆಗೆ ಎಥನಾಲ್ ಬೆರೆತ ಪೆಟ್ರೋಲ್). ಎಥನಾಲ್ ಇಲ್ಲದ ಪೆಟ್ರೋಲಿಗೆ 14.7 ಸರಿಯಾದ ಅನುಪಾತವಾದರೆ ಇ20ಗೆ ಸುಮಾರು 13.5. ಅದೇ ಗಾಳಿಗೆ ಶೇ 9ರಷ್ಟು ಹೆಚ್ಚು ಇಂಧನ ಬೇಕು. ಎಥನಾಲ್ ನಾಕ್ ತಡೆಯುತ್ತದೆ ನಿಜ, ಆದರೆ ಮ್ಯಾಪ್ ಹಳೆಯದೇ ಇದ್ದರೆ ಮಿಶ್ರಣ ತೆಳುವಾಗಿ ಹೆಡ್ ಕಾದು ಆ ಲಾಭವನ್ನು ಅಲ್ಲೇ ನುಂಗಿಬಿಡುತ್ತದೆ.

ಕರಾವಳಿಯಲ್ಲಿ ಪರೀಕ್ಷೆ

ಪರೀಕ್ಷೆ ಬೆಂಗಳೂರಿನಲ್ಲಿ ಮುಗಿಸಲಿಲ್ಲ. ಬೇಸಿಗೆಯ ಮಧ್ಯಾಹ್ನ, ಇಬ್ಬರು ಮತ್ತು ಸಾಮಾನು ಹೊತ್ತು, ನೆಲ್ಯಾಡಿ ಮತ್ತು ಉಪ್ಪಿನಂಗಡಿ ನಡುವಿನ ಏರುಗಳಲ್ಲಿ ನಾಲ್ಕನೇ ಗೇರಿನಲ್ಲಿ 2,500ರಿಂದ ಪೂರ್ತಿ ಆಕ್ಸಿಲರೇಟರ್ ಕೊಟ್ಟು ಐದಾರು ಬಾರಿ ಎಳೆಸಲಾಯಿತು. ಸದ್ದಿಲ್ಲ. ಅಲ್ಲೇ ನಿಲ್ಲಿಸಿ ಹೊಸ ಪ್ಲಗ್ ಬಿಚ್ಚಿ ನೋಡಿದರೆ ಪಿಂಗಾಣಿಯ ಮೇಲೆ ಚುಕ್ಕೆಗಳಿಲ್ಲ. 3,500ರ ಮೇಲೆ ಎಳೆತ ಗಟ್ಟಿಯಾಗಿ 5,200ರವರೆಗೆ ಹೋಗುತ್ತದೆ. ಕಳೆದುಕೊಂಡದ್ದೂ ಇದೆ. ಟಾಪ್ ಗೇರಿನಲ್ಲಿ 2,300ರ ಕೆಳಗೆ ಮೊದಲಿನಷ್ಟು ನಿರಾಳವಾಗಿ ಏಳುವುದಿಲ್ಲ, ಗುಂಡ್ಯದಿಂದ ಮೇಲೇರುವ ತಿರುವುಗಳಲ್ಲಿ ಒಂದು ಗೇರ್ ಮುಂಚೆಯೇ ಇಳಿಸಬೇಕು. ಇದನ್ನು ಮಾಲೀಕರಿಗೆ ಕ್ಯಾಮ್ ಕೊಳ್ಳುವ ಮೊದಲೇ ಹೇಳಿ ಒಪ್ಪಿಗೆ ಪಡೆಯಲಾಗಿತ್ತು.

ಕಾಗದದ ವಿಷಯ ಒಂದಿದೆ. ಆರ್‌ಸಿಯಲ್ಲಿ 499 ಸಿ.ಸಿ. ಎಂದಿದೆ, ಎಂಜಿನ್ ಈಗ 535. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ ಆರ್‌ಸಿಯ ವಿವರ ತಯಾರಕರು ಕೊಟ್ಟಿದ್ದಕ್ಕಿಂತ ಬೇರೆಯಾಗುವಂತೆ ವಾಹನ ಬದಲಿಸುವಂತಿಲ್ಲ. ಬೋರ್ ದೊಡ್ಡದು ಮಾಡಿಸುವವರು ಬ್ಲಾಕು ಕೊಳ್ಳುವ ಮುಂಚೆ ಆರ್‌ಟಿಒದಲ್ಲಿ ವಿಚಾರಿಸಬೇಕು, ಅಪಘಾತವಾದ ಮೇಲೆ ಇನ್ಶೂರೆನ್ಸ್‌ನವರು ಕೇಳುವಾಗ ಅಲ್ಲ.

500 ಕಿಲೋಮೀಟರಿಗೆ ಎಣ್ಣೆ ಬದಲಿಸಿದಾಗ ಸೋಸುವ ಜಾಲರಿಯಲ್ಲಿ ಲೋಹದ ಚೂರು ಇರಲಿಲ್ಲ. 1,000ಕ್ಕೆ ಟೈಮಿಂಗ್ ಕವರ್ ತೆಗೆದು ಲೋಬ್‌ಗಳನ್ನು ಉಗುರಿನಿಂದ ಸವರಿ ನೋಡಲಾಯಿತು. ಮೂಗಿನ ಉದ್ದಕ್ಕೂ ಒಂದೇ ಸಮನಾದ ಹೊಳಪು, ಎಲ್ಲೂ ಉಗುರು ತಡೆಯಲಿಲ್ಲ. ಡಿಕಂಪ್ರೆಸರ್‌ನ ಸ್ಪ್ರಿಂಗ್ ಮಾತ್ರ ಹೊಸದು ಹಾಕಿ ಕವರ್ ಮುಚ್ಚಲಾಯಿತು.